ಪರದೇಶದ ಹಂದರಕ್ಕೆ ಯಾವ ಕಾರ್ಡು?



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಲಗ್ನ ಗಟ್ಟಿಯಾಯಿತೆಂದರೆ ಮೊದಲು ಆಗುವುದು ಯಾದಿ. ಎರಡೂ ಮನೆಯ ಹಿರಿಯರು ಎದುರುಬದುರು ಕೂರುತ್ತಾರೆ. ಅಕ್ಷರ ದುಂಡಗಿರುವ ಒಬ್ಬರ ಕೈಗೆ ಹಾಳೆ ಕೊಡುತ್ತಾರೆ. ಬಂಗಾರ ಎಷ್ಟು, ಜವಳಿ ಯಾರದು, ಹಂದರ ಯಾರದು, ಊಟ ಯಾರ ಪಾಲಿಗೆ, ಬಾಜಾ ಬಜಂತ್ರಿಯವರಿಗೆ ಯಾರು ಕೊಡಬೇಕು, ಎಲ್ಲವೂ ಸಾಲುಸಾಲಾಗಿ ಆ ಹಾಳೆಗೆ ಇಳಿಯುತ್ತದೆ. ಯಾದಿ ಆದ ದಿನವೇ ಅಕ್ಕಿಕಾಳು ಹಾಕಿ ಮುಗಿಸಿದರೆ ಅದು ಯಾದಿ ಪೇ ಶಾದಿ. ಖರ್ಚು ಉಳಿಸುವುದರಲ್ಲಿ ಅದನ್ನು ಮೀರಿಸುವ ಉಪಾಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಈಚೆಗೆ ಆ ಹಾಳೆಯಲ್ಲಿ ಹೊಸ ಸಾಲುಗಳು ಕಾಣುತ್ತಿವೆ. ಹುಡುಗ ದುಬೈಯಲ್ಲಿ ಇಂಜಿನಿಯರ್. ಅವನಿಗೆ ಸಿಗುವ ರಜೆ ನಾಲ್ಕು ದಿನ. ಅಥವಾ ಹುಡುಗಿ ಅಮೆರಿಕದಲ್ಲಿ ಓದಿ ಅಲ್ಲಿಯೇ ಕೆಲಸಕ್ಕೆ ನಿಂತವಳು. ಊರಿಗೆ ಬಂದರೆ ವೀಸಾ ಮುದ್ರೆಗೆ ಎಷ್ಟು ದಿನ ಕಾಯಬೇಕೋ ಎಂಬ ಅಂಜಿಕೆ ಅವಳಿಗೆ. ಹೀಗಾಗಿ ಲಗ್ನವೇ ವಿಮಾನ ಹತ್ತುತ್ತದೆ. ಬಾಲಿಯ ಕಡಲ ದಂಡೆಯಲ್ಲಿ ಮಾಲೆ ಹಾಕಿಸಿಕೊಳ್ಳುವ ಮದುವೆ ಬೇರೆ. ಅದು ಶೋಕಿ. 2023ರ ನವೆಂಬರ್ 26ರಂದು ಪ್ರಧಾನಿ ಮೋದಿಯವರು ಇದೇ ರೇಡಿಯೊದಲ್ಲಿ, ಮನ್ ಕೀ ಬಾತ್‌ನಲ್ಲಿ, ಮದುವೆಗೆ ಪರದೇಶಕ್ಕೇ ಹೋಗಬೇಕೇ ಎಂದು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಇವತ್ತು ನಾನು ಮಾತಾಡುತ್ತಿರುವುದು ಆ ಪ್ರಶ್ನೆಯನ್ನು ದಾಟಿ, ಹೋಗಲೇಬೇಕಾಗಿ ಬಂದವರ ಜೊತೆ.

ಅವರ ಮುಂದಿನ ಪ್ರಶ್ನೆ ಇಷ್ಟೇ. ಅಲ್ಲಿ ರೊಕ್ಕ ಕೊಡುವುದು ಹೇಗೆ? ಯಾವ ಕಾರ್ಡು ಒಯ್ದರೆ ಯಾದಿಯಲ್ಲಿ ಬರೆದ ಮೊತ್ತದೊಳಗೆ ಮದುವೆ ಮುಗಿದೀತು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಡು ಏನೇನು ಕೊಡುತ್ತದೆ ಎಂದು ಕೇಳುವ ಮೊದಲು ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿ. ಮದುವೆಯಲ್ಲಿ ಕೊಡುವ ಕೈ ಒಂದಲ್ಲ. ಸೋದರಮಾವ ಹೂವಿಗೆ ಕೊಡುತ್ತಾನೆ. ತಮ್ಮ ಗಾಡಿಗೆ ಕೊಡುತ್ತಾನೆ. ಅಳಿಯ ತಾನಾಗಿಯೇ ಇನ್ನೂ ಇಪ್ಪತ್ತು ಊಟ ಹೇಳಿ ಬರುತ್ತಾನೆ. ಊರಲ್ಲಾದರೆ ಇದೆಲ್ಲ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಿಂತು, ಸುಗ್ಗಿಯಲ್ಲಿ ತೀರುತ್ತದೆ. ಪರದೇಶದಲ್ಲಿ ಪರಿಚಯದ ಅಂಗಡಿ ಇಲ್ಲ. ಕಾರ್ಡು ಉಜ್ಜಿದ ಕ್ಷಣವೇ ರೊಕ್ಕ ಹೋಗಿರುತ್ತದೆ. ಗೆರೆ ಹಾಕಿದರೆ ಅಲ್ಲಿಗೇ ನಿಲ್ಲುವ ಕಾರ್ಡು ಬೇಕು.

ಈಗ ಕಾರ್ಡುಗಳ ಮಾತು. ಕೈಯಲ್ಲಿ ಹಿಡಿದರೆ ಎಲ್ಲವೂ ಒಂದೇ ಅಳತೆಯ ಪ್ಲಾಸ್ಟಿಕ್ ತುಂಡುಗಳು. ವ್ಯತ್ಯಾಸ ಇರುವುದು ಒಳಗಿನ ಲೆಕ್ಕದಲ್ಲಿ. ಡೆಬಿಟ್ ಕಾರ್ಡು ನಿಮ್ಮ ಉಳಿತಾಯ ಖಾತೆಯ ಬಾಗಿಲು. ಖಾತೆಯಲ್ಲಿ ಇದ್ದಷ್ಟೂ ಅದರಿಂದ ಹೊರಗೆ ಹರಿಯಬಹುದು. ಕ್ರೆಡಿಟ್ ಕಾರ್ಡು ಬ್ಯಾಂಕಿನ ಉದ್ರಿ. ಇವತ್ತು ಖರ್ಚು, ಮುಂದಿನ ತಿಂಗಳು ಬಿಲ್ಲು. ಮೂರನೆಯದು ಫಾರೆಕ್ಸ್ ಕಾರ್ಡು. ಹೋಗುವ ಮೊದಲೇ ರೂಪಾಯಿ ಕಟ್ಟಿ ಅದಕ್ಕೆ ಡಾಲರನ್ನೋ ದಿರ್ಹಾಮನ್ನೋ ತುಂಬಿಸಿಕೊಳ್ಳುತ್ತೀರಿ. ತುಂಬಿಸಿದ್ದು ಮುಗಿದರೆ ಕಾರ್ಡು ಮುಗಿಯಿತು.

ರುಪೇ ಕಾರ್ಡೂ ಯುಪಿಐಯೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ರುಪೇ 2019ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಕಾಲಿಟ್ಟಿತು. ಯುಪಿಐ 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್‌ಗಳಲ್ಲಿ ಶುರುವಾಯಿತು. ಚಹಾ, ತಿಂಡಿ, ಸಣ್ಣ ಖರೀದಿಗೆ ಅವು ಚೆನ್ನ. ಕಲ್ಯಾಣ ಮಂಟಪದ ಬಾಡಿಗೆಗೆ ಅವನ್ನೇ ನೆಚ್ಚಿಕೊಂಡು ಹೋಗಬೇಡಿ.

ಮೂರು ಕಾರ್ಡುಗಳ ಗುರುತು ಆಯಿತು. ಯಾವುದು ಎಷ್ಟು ಕಚ್ಚುತ್ತದೆ ಎಂದು ನೋಡೋಣ.

ಹುಕ್ಕೇರಿ ತಾಲ್ಲೂಕಿನ ಒಂದು ಮನೆ ಎಂದು ಇಟ್ಟುಕೊಳ್ಳಿ. ಲಗ್ನ ದುಬೈಯಲ್ಲಿ. ಹೆಣ್ಣಿನ ಕಡೆಯ ಪಾಲು 15 ಲಕ್ಷ ರೂಪಾಯಿ. ಸಭಾಂಗಣ ಮತ್ತು ಊಟಕ್ಕೆ 9 ಲಕ್ಷ, ಬೀಗರು ನೆಂಟರ ಕೋಣೆಗಳಿಗೆ 3 ಲಕ್ಷ, ಉಳಿದ 3 ಲಕ್ಷ ಹೂವು, ಗಾಡಿ, ಫೋಟೊ, ಕೈಖರ್ಚಿಗೆ. ಇಷ್ಟನ್ನೂ ಒಂದು ಸಾಧಾರಣ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರು ಎನ್ನಿ. ಬಹಳಷ್ಟು ಕಾರ್ಡುಗಳು ಪರದೇಶದ ಖರ್ಚಿನ ಮೇಲೆ ನೂರಕ್ಕೆ ಮೂರೂವರೆ ರೂಪಾಯಿ ಮಾರ್ಕಪ್ ಹಾಕುತ್ತವೆ. ಆ ಮಾರ್ಕಪ್ಪಿನ ಮೇಲೆ ಶೇಕಡಾ 18 ಜಿಎಸ್‌ಟಿ. ಎರಡೂ ಸೇರಿ ನೂರಕ್ಕೆ 4 ರೂಪಾಯಿಗಿಂತ ತುಸು ಹೆಚ್ಚು. 15 ಲಕ್ಷಕ್ಕೆ ಸುಮಾರು 62 ಸಾವಿರ ಆಯಿತು.

62 ಸಾವಿರ ಎಂದರೆ ಎಷ್ಟು? ನಮ್ಮ ಕಡೆಯ ಲೆಕ್ಕದಲ್ಲೇ ಹೇಳುತ್ತೇನೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ರಸ್ತೆಯಲ್ಲಿ ಕೂತಿದ್ದರು. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಕೊನೆಗೆ ಇತ್ಯರ್ಥವಾಗಿದ್ದು 3,300ಕ್ಕೆ. ಆ ದರದಲ್ಲಿ 62 ಸಾವಿರವೆಂದರೆ ಸುಮಾರು 19 ಟನ್ ಕಬ್ಬು. ಟನ್ನಿಗೆ ನೂರು, ಇನ್ನೂರು ರೂಪಾಯಿ ಹೆಚ್ಚಿಗೆ ಬರಲಿ ಎಂದು ಚಳಿಯಲ್ಲಿ ಕೂರುವ ಮನೆಯವರು, ಒಂದು ಕಾರ್ಡಿನ ಸಣ್ಣ ಅಕ್ಷರ ಓದದೆ 19 ಟನ್ ಕಳೆದುಕೊಳ್ಳಬಾರದು.

ಇನ್ನೊಂದು ಮಾತು. ಕ್ರೆಡಿಟ್ ಕಾರ್ಡಿನಿಂದ ಅಲ್ಲಿಯ ಎಟಿಎಂನಲ್ಲಿ ನಗದು ತೆಗೆಯಲೇಬೇಡಿ. ಖರೀದಿಗೆ ಸಿಗುವ ನಲವತ್ತು, ನಲವತ್ತೈದು ದಿನಗಳ ಬಿಡುವು ನಗದಿಗೆ ಇಲ್ಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ತಿಂಗಳಿಗೆ ನೂರಕ್ಕೆ ಮೂರೂವರೆ ಎಂದರೂ ವರ್ಷಕ್ಕೆ 40 ದಾಟಿತು. ಕಾರ್ಖಾನೆಯ ಬಿಲ್ಲು ಬಂದ ಮೇಲೆ ತೀರಿಸಿದರಾಯಿತು ಎನ್ನುವವರೂ ಇದ್ದಾರೆ. ಕಬ್ಬು ಸಾಗಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದು ಎಷ್ಟು ಸಲ ಹಾಗೆ ಬಂದಿದೆ ಎಂದು ನಿಮಗೇ ಗೊತ್ತು. ಕ್ರೆಡಿಟ್ ಕಾರ್ಡಿನ ಬಿಲ್ಲು ಮಾತ್ರ ತಾರೀಕು ತಪ್ಪಿಸುವುದಿಲ್ಲ.

ಕ್ರೆಡಿಟ್ ಕಾರ್ಡಿನ ಕಡಿತ ಎಷ್ಟೆಂದು ನೋಡಿದೆವು. ಹಾಗಾದರೆ ಫಾರೆಕ್ಸ್ ಕಾರ್ಡು ಹೇಗೆ?

ಅದರ ದೊಡ್ಡ ಗುಣ ಎರಡು. ತುಂಬಿಸಿದ ದಿನದ ದರವೇ ಕೊನೆಯವರೆಗೂ ಉಳಿಯುತ್ತದೆ. ಡಾಲರ್ 2025ರ ಕೊನೆಯಲ್ಲಿ 90 ರೂಪಾಯಿ ದಾಟಿತು. ದಿರ್ಹಾಮ್ ಡಾಲರಿಗೆ ಕಟ್ಟಿದ ನಾಣ್ಯ. ಒಂದು ಡಾಲರಿಗೆ ಸುಮಾರು 3.67 ದಿರ್ಹಾಮ್. ಡಾಲರ್ ಏರಿದರೆ ದಿರ್ಹಾಮೂ ಏರುತ್ತದೆ. ನೀವು ತುಂಬಿಸಿದ ಮೇಲೆ ಅದು ಎಷ್ಟೇ ಏರಲಿ, ನಿಮ್ಮ ಕಾರ್ಡಿನಲ್ಲಿರುವ ದಿರ್ಹಾಮಿನ ಬೆಲೆ ನಿಮ್ಮ ಪಾಲಿಗೆ ಬದಲಾಗದು. ಎರಡನೆಯ ಗುಣ ನಾನು ಆಗಲೇ ಹೇಳಿದ್ದು. ಅದು ಖಾಲಿಯಾಗುತ್ತದೆ. 3 ಲಕ್ಷ ತುಂಬಿಸಿದರೆ 3 ಲಕ್ಷಕ್ಕೆ ನಿಲ್ಲುತ್ತದೆ. ಮದುವೆ ಮನೆಯಲ್ಲಿ ಯಜಮಾನನ ಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು.

ಒಂದೇ ದಿನ ಪೂರ್ತಿ ತುಂಬಿಸಬೇಡಿ. ಎರಡು ಮೂರು ಕಂತು ಮಾಡಿ. ದರ ಏರಿಳಿದರೆ ಸರಾಸರಿ ಸಿಗುತ್ತದೆ. ಗೋಕಾಕದ ಪೇಟೆಯಲ್ಲಿ ಅಂಗಡಿಯವರು ದಿನಾ ಪಿಗ್ಮಿ ಕಟ್ಟುವ ಹಾಗೆಯೇ ಇದು. ಆದರೆ ಒಂದು ತಡೆ ಇದೆ. ಪಿಗ್ಮಿಯಂತೆ ವರ್ಷವಿಡೀ ಕಟ್ಟಿಕೊಂಡು ಹೋಗಲು ಬರುವುದಿಲ್ಲ. ಪ್ರಯಾಣಕ್ಕೆ ಬೇಕಾದ ವಿದೇಶಿ ವಿನಿಮಯವನ್ನು ಹೊರಡುವ 60 ದಿನ ಮೊದಲಿನಿಂದ ಮಾತ್ರ ಪಡೆಯಬಹುದು ಎನ್ನುತ್ತದೆ ರಿಸರ್ವ್ ಬ್ಯಾಂಕು. ಆ ಎರಡು ತಿಂಗಳಲ್ಲೇ ಕಂತು ಮುಗಿಸಬೇಕು.

ಫಾರೆಕ್ಸ್ ಕಾರ್ಡಿನಲ್ಲೂ ಕಳ್ಳದಾರಿಗಳಿವೆ. ಒಂದು, ನಾಣ್ಯ ಹೊಂದಬೇಕು. ದುಬೈಗೆ ದಿರ್ಹಾಮ್ ತುಂಬುವ ಕಾರ್ಡು ಸಿಗುತ್ತದೆ. ಥಾಯ್ಲೆಂಡಿನ ಬಾತ್ ಕೂಡ ಹಲವು ಕಾರ್ಡುಗಳಲ್ಲಿದೆ. ಬಾಲಿಗೆ ಬೇಕಾದ ಇಂಡೊನೇಷ್ಯಾದ ರುಪಿಯಾ ಬಹುಪಾಲು ಕಾರ್ಡುಗಳಲ್ಲಿಲ್ಲ. ಆಗ ಡಾಲರ್ ತುಂಬಿಸಿ ಒಯ್ಯುತ್ತೀರಿ. ಅಲ್ಲಿ ಪ್ರತಿ ಸಲ ಉಜ್ಜಿದಾಗಲೂ ಡಾಲರು ರುಪಿಯಾ ಆಗಬೇಕು. ಅದಕ್ಕೆ ನೂರಕ್ಕೆ ಎರಡರಿಂದ ಮೂರೂವರೆ ಬೇರೆ ಕಡಿತ. ಮಾರ್ಕಪ್ಪಿನಿಂದ ತಪ್ಪಿಸಿಕೊಂಡು ಬಂದವರು ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ಮಾರ್ಕಪ್ ಸೊನ್ನೆ ಎಂದು ಬ್ಯಾಂಕಿನವರು ಹೇಳುತ್ತಾರೆ. ಆದರೆ ತುಂಬಿಸುವಾಗ ಅವರು ಹಿಡಿಯುವ ದರ ಪೇಟೆಯ ದರವಲ್ಲ, ಅವರ ಮಾರಾಟದ ದರ. ಅದರೊಳಗೆ ಅವರ ಲಾಭ ಮೊದಲೇ ಕೂತಿರುತ್ತದೆ. ಹಾಗಾಗಿ ನೂರೆಂಟು ಪ್ರಶ್ನೆ ಕೇಳಬೇಡಿ, ಒಂದೇ ಪ್ರಶ್ನೆ ಕೇಳಿ. ನನ್ನ ಕಾರ್ಡಿಗೆ ಸಾವಿರ ದಿರ್ಹಾಮ್ ಬರಬೇಕು, ಎಲ್ಲ ಶುಲ್ಕ, ಎಲ್ಲ ತೆರಿಗೆ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ? ಈ ಪ್ರಶ್ನೆಯನ್ನು ಒಂದೇ ದಿನ ಮೂರು ಕಡೆ ಕೇಳಿ. ಉತ್ತರ ಮೂರು ಬಗೆ ಬರುತ್ತದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೇಳಿದರೆ ನಾಲ್ಕನೆಯ ಬಗೆ ಬರುತ್ತದೆ. ಅದು ಎಲ್ಲಕ್ಕಿಂತ ತುಟ್ಟಿ. ಬೆಂಗಳೂರಿಗೋ ಮುಂಬೈಗೋ ಹೋಗಿ ಅಲ್ಲಿಂದ ವಿಮಾನ ಹಿಡಿಯುವ ನಮ್ಮವರು, ಹೇಗೂ ನಿಲ್ದಾಣದಲ್ಲಿ ಸಿಗುತ್ತದಲ್ಲ ಎಂದು ಕೊನೆಯ ಗಳಿಗೆಯವರೆಗೆ ಬಿಡುವುದುಂಟು.

ಇಲ್ಲಿ ಕ್ರೆಡಿಟ್ ಕಾರ್ಡಿಗೂ ಒಂದು ನ್ಯಾಯ ಸಲ್ಲಬೇಕು. ನಿಜವಾಗಿಯೂ ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡುಗಳು ಈಗ ಸಿಗುತ್ತವೆ. ಬರೀ ದರ ನೋಡಿದರೆ ಅವು ಫಾರೆಕ್ಸ್ ಕಾರ್ಡನ್ನೂ ಸೋಲಿಸಬಲ್ಲವು. ಕೊರತೆ ಎಂದರೆ ಅವು ದರವನ್ನು ಕಟ್ಟಿ ಹಾಕುವುದಿಲ್ಲ, ತಾವಾಗಿ ನಿಲ್ಲುವುದೂ ಇಲ್ಲ. ಅಂಥ ಕಾರ್ಡು ಇದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಪರದೇಶದ ಖರ್ಚಿಗೆ ನೀವೇ ಮಿತಿ ಹಾಕಿ. ಐದು ಲಕ್ಷದ ಕಾರ್ಡಿಗೆ ಒಂದೂವರೆ ಲಕ್ಷದ ಗೆರೆ. ಆಗ ಅದೂ ಹದ್ದಿನೊಳಗೆ ಇರುತ್ತದೆ.

ಹೋಟೆಲಿನಲ್ಲಂತೂ ಕ್ರೆಡಿಟ್ ಕಾರ್ಡೇ ಬೇಕು. ಕಾರಣ ಇದು. ಕೋಣೆ ಕೊಡುವಾಗ ಅವರು ಮುಂಗಡವಾಗಿ ಒಂದು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ರೊಕ್ಕ ತೆಗೆಯುವುದಿಲ್ಲ, ತಡೆಹಿಡಿಯುತ್ತಾರೆ ಅಷ್ಟೆ. ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದರೆ ಮಿತಿ ಮಾತ್ರ ಕುಗ್ಗುತ್ತದೆ. ಫಾರೆಕ್ಸ್ ಕಾರ್ಡಿನಲ್ಲಿ ಹಿಡಿದರೆ ನಿಮ್ಮ ಸ್ವಂತ ರೊಕ್ಕವೇ ಸಿಕ್ಕಿಬೀಳುತ್ತದೆ. ಹತ್ತು ಕೋಣೆಗಳಿಗೆ ಹೀಗೆ ಹಿಡಿದರೆ ಅಕ್ಷತೆಯ ದಿನ ಹೂವಿನವನಿಗೆ ಕೊಡಲು ಕಾರ್ಡಿನಲ್ಲಿ ಏನೂ ಇರುವುದಿಲ್ಲ. ಬಿಡುಗಡೆಯಾಗಲು ಎಷ್ಟೋ ದಿನ ಬೇಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಎರಡು ನೆನಪಿರಲಿ. ಕೈಖರ್ಚಿಗೆ ಫಾರೆಕ್ಸ್ ಕಾರ್ಡು. ಹೋಟೆಲಿನ ತಡೆಗೆ ಮಿತಿ ಹಾಕಿದ ಕ್ರೆಡಿಟ್ ಕಾರ್ಡು. ಸಭಾಂಗಣದ 9 ಲಕ್ಷ ಉಳಿಯಿತು.

ಅದಕ್ಕೆ ಕಾರ್ಡೇ ಬೇಡ. ಬ್ಯಾಂಕಿನಿಂದ ನೇರ ಹಣ ರವಾನೆ ಮಾಡಿ. ಎ-2 ಎಂಬ ಅರ್ಜಿ ತುಂಬಿ, ಪ್ಯಾನ್ ಕೊಟ್ಟು, ಸಭಾಂಗಣದವರ ಬಿಲ್ಲು ಲಗತ್ತಿಸಿದರೆ ಹಣ ಅವರ ಖಾತೆಗೆ ಹೋಗುತ್ತದೆ. ಶುಲ್ಕ ಸಾವಿರದ ಆಸುಪಾಸು. ಕಾರ್ಡಿನ ಮಾರ್ಕಪ್ಪಿನ ಮುಂದೆ ಅದು ಏನೂ ಅಲ್ಲ. ಬಿಲ್ಲಿನಲ್ಲಿ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಿ. ದುಬೈಯಲ್ಲಿ 2018ರಿಂದ ಶೇಕಡಾ 5 ವ್ಯಾಟ್ ಇದೆ. ಹೋಟೆಲುಗಳು ಸೇವಾ ಶುಲ್ಕವನ್ನು ಬೇರೆಯಾಗಿ ಸೇರಿಸುವುದೂ ಉಂಟು. ಒಂದು ಊಟಕ್ಕೆ 100 ದಿರ್ಹಾಮ್ ಎಂದು ಹೇಳಿದ್ದು ಬಿಲ್ಲಿನಲ್ಲಿ 115, 120 ಆಗಿ ಇಳಿಯಬಹುದು. ಹುಡುಗನಿಗೆ ಅಲ್ಲಿಯೇ ಬ್ಯಾಂಕ್ ಖಾತೆ ಇದ್ದರೆ ಅವನ ಪಾಲಿನ ಖರ್ಚನ್ನು ಅವನೇ ತನ್ನ ಕಾರ್ಡಿನಲ್ಲಿ ಕೊಡಲಿ. ದಿರ್ಹಾಮಿನಲ್ಲಿ ದುಡಿದವನು ದಿರ್ಹಾಮಿನಲ್ಲಿ ಕೊಟ್ಟರೆ ವಿನಿಮಯದ ಕಡಿತವೇ ಇಲ್ಲ. ಯಾದಿ ಬರೆಯುವಾಗಲೇ ಯಾರ ಸಾಲು ಯಾವ ನಾಣ್ಯದಲ್ಲಿ ಎಂದು ನಿಗದಿ ಮಾಡಿಬಿಡಿ. ಬೀಗರ ನಡುವೆ ಮಾತು ಬರುವುದು ಬಂಗಾರಕ್ಕಿಂತ ಇಂಥ ಕಡೆಯೇ ಹೆಚ್ಚು.

ಈಗ ಬರುವುದು ಎಲ್ಲಕ್ಕಿಂತ ದೊಡ್ಡ ಸಾಲು. ಬಹಳ ಜನ ಇದನ್ನು ಬಜೆಟ್ಟಿನಲ್ಲಿ ಬರೆಯುವುದೇ ಇಲ್ಲ. ಅದು ತೆರಿಗೆ.

ನಾವು ಭಾರತೀಯರು ಪರದೇಶಕ್ಕೆ ರೊಕ್ಕ ಕಳಿಸುವುದು ಉದಾರೀಕೃತ ಹಣ ರವಾನೆ ಯೋಜನೆಯ ಅಡಿಯಲ್ಲಿ. 2004ರಲ್ಲಿ ಅದು ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 25 ಸಾವಿರ ಡಾಲರ್ ಮಿತಿ. ಈಗ ಎರಡೂವರೆ ಲಕ್ಷ ಡಾಲರ್. ಆ ಮಿತಿ ನಮ್ಮ ಮದುವೆಗಳಿಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಮೂಲದಲ್ಲೇ ವಸೂಲಾಗುವ ತೆರಿಗೆ, ಟಿಸಿಎಸ್. 2025ರ ಏಪ್ರಿಲಿನಿಂದ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ ಕಳಿಸುವ ಮೊದಲ 10 ಲಕ್ಷ ರೂಪಾಯಿಗೆ ಇದಿಲ್ಲ. ಅದಕ್ಕಿಂತ ಮೇಲೆ ಹೋದರೆ, ಓದು ಮತ್ತು ಔಷಧೋಪಚಾರ ಬಿಟ್ಟು ಉಳಿದ ಇಂಥ ಕಾರಣಗಳಿಗೆ ನೂರಕ್ಕೆ 20. ಫಾರೆಕ್ಸ್ ಕಾರ್ಡಿಗೆ ತುಂಬಿಸಿದ್ದು, ಡೆಬಿಟ್ ಕಾರ್ಡಿನಲ್ಲಿ ಅಲ್ಲಿ ಖರ್ಚು ಮಾಡಿದ್ದು, ಬ್ಯಾಂಕಿನಿಂದ ಕಳಿಸಿದ್ದು, ಮೂರೂ ಈ 10 ಲಕ್ಷದ ಲೆಕ್ಕಕ್ಕೆ ಸೇರುತ್ತವೆ. ಪರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಖರ್ಚನ್ನೂ ಸೇರಿಸಬೇಕೆಂದು 2023ರಲ್ಲಿ ಸರ್ಕಾರ ಹೊರಟಿತ್ತು. ದೊಡ್ಡ ಗದ್ದಲವಾಯಿತು. ಆ ವರ್ಷದ ಜೂನ್ ಕೊನೆಯಲ್ಲಿ ಅದನ್ನು ಮುಂದಕ್ಕೆ ಹಾಕಿತು.

ನಮ್ಮ ಹುಕ್ಕೇರಿಯ ಮನೆಗೆ ಬನ್ನಿ. 15 ಲಕ್ಷವನ್ನೂ ಅಪ್ಪನೊಬ್ಬನೇ ತನ್ನ ಪ್ಯಾನಿನಲ್ಲಿ ಕಳಿಸಿದ ಎನ್ನಿ. 10 ಲಕ್ಷದ ಮೇಲಿನ 5 ಲಕ್ಷಕ್ಕೆ 20ರಂತೆ 1 ಲಕ್ಷ ರೂಪಾಯಿ. ಆಗಿನ ಲೆಕ್ಕದಲ್ಲಿ 30 ಟನ್ ಕಬ್ಬು. ಅದು ಪೂರ್ತಿ ಹೋದ ರೊಕ್ಕವಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ನಿಮ್ಮ ತೆರಿಗೆಯಲ್ಲಿ ವಜಾ ಆಗುತ್ತದೆ, ಹೆಚ್ಚಾಗಿದ್ದರೆ ಮರಳಿ ಬರುತ್ತದೆ. ತೊಡಕು ಎಲ್ಲಿದೆ ಎಂದರೆ, ನಮ್ಮ ಕಡೆ ಬರೀ ಒಕ್ಕಲುತನದ ಆದಾಯ ಇದ್ದವರು ರಿಟರ್ನ್ ಸಲ್ಲಿಸುವುದೇ ಇಲ್ಲ. ಆ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲವಲ್ಲ, ಯಾಕೆ ಸಲ್ಲಿಸಬೇಕು ಎನ್ನುತ್ತಾರೆ. ಆದರೆ ಸಲ್ಲಿಸದಿದ್ದರೆ ಆ ಒಂದು ಲಕ್ಷ ದಿಲ್ಲಿಯಲ್ಲೇ ಕೂತಿರುತ್ತದೆ.

ಇದನ್ನು ತಪ್ಪಿಸುವ ದಾರಿ ಸರಳ, ಕಾನೂನಿನ ಒಳಗೇ ಇದೆ. 10 ಲಕ್ಷದ ಲೆಕ್ಕ ಮನೆಗೆ ಅಲ್ಲ, ಮನುಷ್ಯನಿಗೆ. ಅಪ್ಪ ತನ್ನ ಖಾತೆಯಿಂದ 9 ಲಕ್ಷ ಕಳಿಸಲಿ. ಅವ್ವ ತನ್ನ ಹೆಸರಿನ ರೊಕ್ಕದಿಂದ, ತನ್ನ ಪ್ಯಾನಿನಲ್ಲಿ, 6 ಲಕ್ಷಕ್ಕೆ ಕಾರ್ಡು ಮಾಡಿಸಲಿ. ಟಿಸಿಎಸ್ ಸೊನ್ನೆ. ಇನ್ನೊಂದು ಅನುಕೂಲ ಪಂಚಾಂಗವೇ ಮಾಡಿಕೊಟ್ಟಿದೆ. ನಮ್ಮ ಲಗ್ನದ ಮುಹೂರ್ತಗಳು ಹೆಚ್ಚು ಬರುವುದು ಅಕ್ಷಯ ತದಿಗೆಯ ಆಚೀಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಸಭಾಂಗಣದ ಮುಂಗಡ ಮಾರ್ಚಿನಲ್ಲಿ ಹೋದರೆ ಒಂದು ವರ್ಷದ ಲೆಕ್ಕ. ಕಾರ್ಡಿಗೆ ಏಪ್ರಿಲಿನಲ್ಲಿ ತುಂಬಿಸಿದರೆ ಹೊಸ ವರ್ಷದ ಲೆಕ್ಕ. ಕಾರ್ತಿಕದ ನಂತರ, ನವೆಂಬರ್ ಡಿಸೆಂಬರಿನಲ್ಲಿ ಲಗ್ನ ಇಟ್ಟುಕೊಂಡವರಿಗೆ ಈ ಸೌಲಭ್ಯ ಅಷ್ಟು ಸುಲಭವಿಲ್ಲ. ಟೂರ್ ಕಂಪನಿಯ ಪ್ಯಾಕೇಜಿನಲ್ಲಿ ಎಲ್ಲ ಕಟ್ಟಿಬಿಟ್ಟರೆ ನಿಯಮವೇ ಬೇರೆ. ಈ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ರೊಕ್ಕ ಕಟ್ಟುವ ವಾರವೇ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ತೆರಿಗೆಯ ಮಾತು ಸಾಕು. ಯಾರ ಪ್ಯಾನ್, ಯಾವ ವರ್ಷ, ಅಷ್ಟು ಗೊತ್ತಾದರೆ ಆಯಿತು. ಕಾರ್ಡು ಅಲ್ಲಿ ಕೆಲಸ ಮಾಡಬೇಕಲ್ಲ, ಅದನ್ನು ನೋಡೋಣ.

ಗೋಕಾಕ, ಮೂಡಲಗಿಯ ಪೇಟೆಗಳಲ್ಲಿ ಪತ್ತಿನ ಸೌಹಾರ್ದ ಸಹಕಾರಿಗಳ ಫಲಕ ಇಲ್ಲದ ರಸ್ತೆ ಇಲ್ಲ. ಮದುವೆಗೆಂದು ಕೂಡಿಟ್ಟ ರೊಕ್ಕ ಬಹಳ ಸಲ ಅಲ್ಲೇ ಠೇವಣಿಯಾಗಿರುತ್ತದೆ. ಅವು ಬ್ಯಾಂಕುಗಳಲ್ಲ. ಅಲ್ಲಿಂದ ಪರದೇಶಕ್ಕೆ ರೊಕ್ಕ ಹೋಗುವುದಿಲ್ಲ. ವಿದೇಶಿ ವಿನಿಮಯಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಬ್ಯಾಂಕೋ ಸಂಸ್ಥೆಯೋ ಬೇಕು. ಠೇವಣಿಯ ಅವಧಿ ಮುಗಿಯುವ ತಾರೀಕನ್ನೂ 60 ದಿನದ ಆ ಕಿಟಕಿಯನ್ನೂ ಮೊದಲೇ ಹೊಂದಿಸಿಕೊಳ್ಳಿ. ಬೆಲ್ಲ, ಅರಿಸಿನ ಮಾರಿದ ನಗದು ಒಯ್ದು ಡಾಲರ್ ಕೊಡಿ ಎಂದರೂ ಆಗುವುದಿಲ್ಲ. ನಗದು ಕೊಟ್ಟು ವಿದೇಶಿ ವಿನಿಮಯ ಕೊಳ್ಳುವುದು 50 ಸಾವಿರ ರೂಪಾಯಿಯೊಳಗೆ ಮಾತ್ರ. ಒಂದು ಪ್ರಯಾಣಕ್ಕೆ ಕೈಯಲ್ಲಿ ಒಯ್ಯಬಹುದಾದ ವಿದೇಶಿ ನೋಟು, ಬಹುತೇಕ ದೇಶಗಳಿಗೆ, 3 ಸಾವಿರ ಡಾಲರ್. ಉಳಿದದ್ದು ಕಾರ್ಡಿನಲ್ಲೇ ಹೋಗಬೇಕು.

ಕಾರ್ಡು ಕೈಗೆ ಬಂದರೂ ಅದು ನಿದ್ದೆಯಲ್ಲಿರುತ್ತದೆ. 2020ರ ಮಾರ್ಚ್ 16ರಿಂದ ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. ಹೊಸ ಡೆಬಿಟ್, ಕ್ರೆಡಿಟ್ ಕಾರ್ಡುಗಳು ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಪರದೇಶದ ಬಳಕೆಯನ್ನು ನೀವೇ ಹೇಳಿ ಶುರುಮಾಡಿಸಬೇಕು. ಆ್ಯಪ್‌ನಲ್ಲಿ ಆಗುತ್ತದೆ. ಆಗದಿದ್ದರೆ ಶಾಖೆಗೆ ಹೋಗಿ. ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು ಎನ್ನುವವರು ಇನ್ನೊಂದು ಗಂಟಿಗೆ ಸಿಕ್ಕಿಬೀಳುತ್ತಾರೆ. ಒಟಿಪಿ ಬರುವುದು ನಿಮ್ಮ ಊರಿನ ನಂಬರಿಗೆ. ಆ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಇಲ್ಲದಿದ್ದರೆ ಸಂದೇಶ ಬರುವುದಿಲ್ಲ. ಬ್ಯಾಂಕಿಗೆ ಕೊಟ್ಟ ನಂಬರು ಮನೆಯಲ್ಲಿ ಬಿಟ್ಟು ಬಂದ ಹಳೆಯ ಫೋನಿನಲ್ಲಿದ್ದರಂತೂ ಮುಗಿಯಿತು. ಹೊರಡುವ ವಾರ ಮೊದಲೇ ಇದನ್ನು ಸರಿಮಾಡಿಕೊಳ್ಳಿ.

ಕಾರ್ಡು ಎಚ್ಚರಗೊಂಡಿತು, ಸಿಮ್ ಸಿದ್ಧವಾಯಿತು. ಅಂಗಡಿಯ ಯಂತ್ರದ ಮುಂದೆ ನಿಂತಿದ್ದೀರಿ. ಇಲ್ಲೊಂದು ಮೋಸ ಅಲ್ಲದ ಮೋಸ ಇದೆ.

ಯಂತ್ರದ ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ. ಮೇಲಿನದರಲ್ಲಿ ರೂಪಾಯಿ ಮೊತ್ತ, ಕೆಳಗಿನದರಲ್ಲಿ ದಿರ್ಹಾಮ್ ಮೊತ್ತ. ನಿಮ್ಮ ರೂಪಾಯಿಯಲ್ಲೇ ಕೊಡಬಹುದು ಸರ್, ಲೆಕ್ಕ ಸುಲಭ ಎಂದು ಅಂಗಡಿಯವನು ನಗುತ್ತಾ ಹೇಳುತ್ತಾನೆ. ಗುರುತಿನ ನಾಣ್ಯ ಕಂಡಾಗ ನಮಗೂ ಜೀವ ಹಗುರಾಗುತ್ತದೆ. ಒತ್ತಬೇಡಿ. ರೂಪಾಯಿ ಎಂದು ಒತ್ತಿದರೆ ಪರಿವರ್ತನೆಯ ದರವನ್ನು ಆ ಅಂಗಡಿಯ ಕಡೆಯ ಬ್ಯಾಂಕು ನಿರ್ಧರಿಸುತ್ತದೆ. ಆ ದರ ನೂರಕ್ಕೆ 4, 5, ಕೆಲವು ಕಡೆ ಇನ್ನೂ ಹೆಚ್ಚು ತುಟ್ಟಿ. ಅದರ ಮೇಲೆ ನಮ್ಮ ಬ್ಯಾಂಕೂ, ಪರದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟಿರಿ ಎಂದು ಇನ್ನೊಂದು ಶುಲ್ಕ ಹಾಕುವುದುಂಟು. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರ ಎಲ್ಲ ಕಡೆಯೂ ಒಂದೇ. ಆ ದೇಶದ ನಾಣ್ಯ. ದುಬೈಯಲ್ಲಿ ದಿರ್ಹಾಮ್, ಬ್ಯಾಂಕಾಕಿನಲ್ಲಿ ಬಾತ್, ಡಲ್ಲಾಸಿನಲ್ಲಿ ಡಾಲರ್. ಕಾರ್ಡು ಹಿಡಿಯುವ ಪ್ರತಿಯೊಬ್ಬರಿಗೂ ಈ ಒಂದು ಮಾತನ್ನು ಬಾಯಿಪಾಠ ಮಾಡಿಸಿ.

ಅಂದರೆ ಯಾರ ಕೈಯಲ್ಲಿ ಯಾವ ಕಾರ್ಡು ಎಂಬುದೂ ಯಾದಿಯಲ್ಲಿ ಇರಬೇಕು. ಅವ್ವನ 6 ಲಕ್ಷದಲ್ಲಿ 1 ಲಕ್ಷ ಸೋದರಮಾವನ ಫಾರೆಕ್ಸ್ ಕಾರ್ಡಿಗೆ, ಅವನದೇ ಹೆಸರಿನಲ್ಲಿ. ಹೂವು, ಗಾಡಿ ಅವನ ಪಾಲು. ಅವ್ವನ ಕಾರ್ಡಿನಲ್ಲಿ ಕೋಣೆಯ ಬಿಲ್ಲು ಮತ್ತು ಕೈಖರ್ಚು. ಹೋಟೆಲಿನ ತಡೆಗೆ ಅಪ್ಪನ ಕ್ರೆಡಿಟ್ ಕಾರ್ಡು, ಗೆರೆ ಹಾಕಿದ್ದು. ಡೆಬಿಟ್ ಕಾರ್ಡು ಒಂದೇ ಒಂದು, ಬೇರೆ ಚೀಲದಲ್ಲಿ, ಉಳಿದವೆಲ್ಲ ಕೈಕೊಟ್ಟರೆ ಮಾತ್ರ ತೆಗೆಯಲಿಕ್ಕೆ. ಅದರ ಖಾತೆಯಲ್ಲಿ 50 ಸಾವಿರ ಬಿಟ್ಟು ಉಳಿದದ್ದನ್ನು ಬೇರೆ ಖಾತೆಗೆ ಹಾಕಿಟ್ಟು ಹೋಗಿ. ಹುಮ್ಮಸ್ಸಿನ ಅಳಿಯನ ಕೈಗೆ ಯಾವ ಕಾರ್ಡನ್ನೂ ಕೊಡಬೇಡಿ. ಅವನಿಗೆ ಕರದಂಟಿನ ಡಬ್ಬಿ ಹಂಚುವ ಕೆಲಸ ಒಪ್ಪಿಸಿ, ಖುಷಿಯಾಗಿರುತ್ತಾನೆ.

ಕಾರ್ಡಿನ ಜೊತೆ ಬರುವ ಆಮಿಷಗಳ ಬಗ್ಗೆ ಎರಡೇ ಮಾತು. ನಿಲ್ದಾಣದ ಲೌಂಜಿನಲ್ಲಿ ಪುಕ್ಕಟೆ ಊಟ, ಖರ್ಚಿಗೆ ಪಾಯಿಂಟು, ಇವು ಇದ್ದರೆ ಇರಲಿ. ಇವಕ್ಕಾಗಿ ಕಾರ್ಡು ಆರಿಸಬೇಡಿ.

ದುಬೈಯಲ್ಲಿ ಲಗ್ನ ಮಾಡುವವರು ಜೆಬೆಲ್ ಅಲಿಯ ಹಿಂದೂ ದೇವಾಲಯವನ್ನೂ ವಿಚಾರಿಸುತ್ತಾರೆ. ಅದು 2022ರ ಅಕ್ಟೋಬರಿನಲ್ಲಿ ತೆರೆದಿದ್ದು. ಮದುವೆಯ ನೋಂದಣಿಗೆ 1969ರ ವಿದೇಶಿ ವಿವಾಹ ಕಾಯ್ದೆ ಇದೆ, ಭಾರತದ ಕಾನ್ಸುಲೇಟಿನಲ್ಲಿ ವಿಚಾರಿಸಬೇಕು. ಆ ಶುಲ್ಕಗಳಿಗೂ ಒಂದು ಸಾಲು ಇಟ್ಟುಕೊಳ್ಳಿ. ಅದು ಇನ್ನೊಂದು ಭಾಷಣದ ವಿಷಯ.

ಲಗ್ನ ಮುಗಿದು ಊರಿಗೆ ಬಂದ ಮೇಲಿನ ಕೆಲಸ ಹೇಳಿ ನಿಲ್ಲಿಸುತ್ತೇನೆ. ಕಾರ್ಡುಗಳ ಪರದೇಶದ ಬಳಕೆಯನ್ನು ಬಂದ ದಿನವೇ ಬಂದ್ ಮಾಡಿ. ಅಲ್ಲಿ ಎಷ್ಟೋ ಅಂಗಡಿಗಳು ಒಟಿಪಿ ಕೇಳುವುದೇ ಇಲ್ಲ, ಕದ್ದ ನಂಬರೊಂದೇ ಸಾಕಾಗುತ್ತದೆ. ಹೋಟೆಲು ತಡೆಹಿಡಿದ ಮೊತ್ತ ಬಿಡುಗಡೆಯಾಯಿತೇ ಎಂದು ಒಂದು ತಿಂಗಳು ಕಣ್ಣಿಡಿ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ರೂಪಾಯಿ ಮಾಡಿಸಿ ಖಾತೆಗೆ ಹಾಕಿಸಿಕೊಳ್ಳಿ. ಬಳಸದೆ ಬಿಟ್ಟ ಕಾರ್ಡಿಗೂ ಕೆಲವರು ಶುಲ್ಕ ಕಡಿಯುತ್ತಾರೆ. ಮಿಕ್ಕ ವಿದೇಶಿ ನೋಟು ಮರಳಿ ಬಂದ 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. 2 ಸಾವಿರ ಡಾಲರಿನಷ್ಟನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಲು ಅವಕಾಶವಿದೆ. ಟಿಸಿಎಸ್ ಕಡಿತವಾಗಿದ್ದರೆ, ಒಕ್ಕಲುತನದ ಆದಾಯ ಮಾತ್ರ ಇದ್ದರೂ ಈ ವರ್ಷ ರಿಟರ್ನ್ ಸಲ್ಲಿಸಿ. ನಿಮ್ಮ ಪ್ಯಾನ್ ಆಧಾರಿಗೆ ಜೋಡಣೆಯಾಗಿದೆಯೇ, ಹಣ ಮರಳಿ ಬರಬೇಕಾದ ಬ್ಯಾಂಕ್ ಖಾತೆಯನ್ನು ಇಲಾಖೆಯ ಜಾಲತಾಣದಲ್ಲಿ ದೃಢೀಕರಿಸಿದ್ದೀರಾ, ಎರಡನ್ನೂ ನೋಡಿಕೊಳ್ಳಿ. ಇವು ಸರಿ ಇಲ್ಲದಿದ್ದರೆ ಮರುಪಾವತಿ ಮಂಜೂರಾದರೂ ಖಾತೆಗೆ ಬರುವುದಿಲ್ಲ.